ತಂದೆಯವರು ಬಿಟ್ಟುಹೋದ ಜಾವಾ

ಆಸ್ತಿ ಪಾಲಾಗುವಾಗ ನಮ್ಮ ಕಡೆಯ ಮನೆಗಳಲ್ಲಿ ಲೆಕ್ಕಕ್ಕೆ ಬರುವುದು ತೋಟ, ಗದ್ದೆ, ಗುಡ್ಡೆ, ಮನೆ, ಪಾತ್ರೆ ಪರಡಿ ಮತ್ತು ಬಂಗಾರ. ಅಟ್ಟದ ಕೆಳಗೆ ಗೋಣಿ ಹೊದ್ದು ನಿಂತ ಹಳೆಯ ಮೋಟಾರ್ ಸೈಕಲು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಕಾರಡ್ಕದ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ತಂದೆಯವರ ನಿಧನಾನಂತರ ಹಂಚಿಕೆಯೆಲ್ಲ ಮುಗಿದ ಮೇಲೆ 1969ರ ಜಾವಾ ಒಂದು ಉಳಿದಿತ್ತು. ಯಾರಿಗೂ ಬೇಡವಾದುದರಿಂದ ಅದು ನನ್ನ ಪಾಲಿಗೆ ಬಂತು. ವಾರ ಕಳೆಯುವುದರೊಳಗೆ ಗುಜರಿಯವನೊಬ್ಬನು ಅದನ್ನು ಕಬ್ಬಿಣದ ತೂಕಕ್ಕೆ ಕೇಳಿದನು. ಅನಂತರ ಬೆಂಗಳೂರಿನಿಂದ ಬಂದ ತರುಣನೊಬ್ಬನು ಅದರ ಹತ್ತಾರು ಪಾಲು ಹೆಚ್ಚಿನ ಬೆಲೆ ಹೇಳಿದನು. ಒಂದೇ ವಸ್ತುವಿಗೆ ಇಷ್ಟು ಅಂತರದ ಎರಡು ಬೆಲೆ ಹೇಗೆ ಬಂತೆಂದು ವಿಚಾರಿಸಹೊರಟಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಇಂತಹ ವಾಹನ ಬೇರೆ ಮನೆಗಳ ಕೊಟ್ಟಿಗೆಗಳಲ್ಲಿಯೂ ಇದ್ದೀತು.

ಜಾವಾ ಎಂದೊಡನೆ ಅನೇಕರಿಗೆ ಇಂಡೋನೇಷ್ಯದ ದ್ವೀಪದ ನೆನಪಾಗುವುದುಂಟು. ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಜೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರಿನ ಮೊದಲೆರಡು ಅಕ್ಷರಗಳನ್ನು ಜೋಡಿಸಿ ಈ ಹೆಸರನ್ನು ಕಟ್ಟಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ಆಕ್ರಮಣದಡಿಯಲ್ಲಿದ್ದಾಗಲೂ ಅಲ್ಲಿನ ತಂತ್ರಜ್ಞರು ಗುಟ್ಟಾಗಿ ಹೊಸ ಯಂತ್ರವೊಂದನ್ನು ರೂಪಿಸುತ್ತಿದ್ದರು. 1946ರಲ್ಲಿ ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ನಮ್ಮ ಮನೆಯ ಜಾವಾ ಅದೇ ವಂಶದ ಮುಂದಿನ ಕುಡಿ.

ಆದರೆ ನಮ್ಮದು ಜೆಕ್ ನೆಲದಲ್ಲಿ ಹುಟ್ಟಿದ್ದಲ್ಲ, ಮೈಸೂರಿನಲ್ಲಿ ಹುಟ್ಟಿದ್ದು. ಮುಂಬಯಿಯಲ್ಲಿ ಜಾವಾ ವಾಹನಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಎಂಬ ಪಾರಸಿ ಮನೆತನದವರು, ಆಮದಿನ ಮೇಲೆ ನಿರ್ಬಂಧಗಳು ಬಿಗಿಯಾದಾಗ, ಇಲ್ಲಿಯೇ ತಯಾರಿಸಲು ಮುಂದಾದರು. ಹೀಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು. ಆರಂಭದಲ್ಲಿ ಜೆಕ್ ಭಾಗಗಳನ್ನು ಜೋಡಿಸುವುದಷ್ಟೇ ಕೆಲಸವಾಗಿತ್ತು. ಕ್ರಮೇಣ ಭಾಗಗಳು ಇಲ್ಲಿಯೇ ತಯಾರಾದುವು. ಸುಮಾರು 1973ರಿಂದ ಜಾವಾ ಎಂಬ ಹೆಸರು ಹೋಗಿ ಯೆಜ್ದಿ ಎಂಬ ಹೆಸರು ಬಂತು. ಅದೇ ವರ್ಷ ನವೆಂಬರ್ 1ರಂದು ಮೈಸೂರು ರಾಜ್ಯವೂ ಕರ್ನಾಟಕವೆಂದು ಹೆಸರು ಬದಲಿಸಿಕೊಂಡಿತೆಂಬುದು ಕೇವಲ ಕಾಕತಾಳೀಯ. ಆದರೂ ಟ್ಯಾಂಕಿನ ಮೇಲೆ ಜಾವಾ ಎಂದಿರುವ ಮೈಸೂರಿನ ವಾಹನ ಆ ಹಳೆಯ ಹೆಸರಿನ ಕಾಲದ್ದು. ಇಂದು ಅದಕ್ಕೆ ಬೇಡಿಕೆ ಹೆಚ್ಚಾಗಿರುವುದಕ್ಕೆ ಇದೊಂದು ಕಾರಣ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಯಂತ್ರವಲ್ಲ, ಅದರ ನೋಂದಣಿ ಪುಸ್ತಕ. ತಂದೆಯವರು ಅದನ್ನು ಜಾತಕಗಳೊಡನೆ ಒಂದೇ ತಗಡಿನ ಪೆಟ್ಟಿಗೆಯಲ್ಲಿ ಇರಿಸಿದ್ದರು. ಅವರು ವಾಹನವನ್ನು ಮೈಸೂರಿನಲ್ಲಿಯೇ ಕೊಂಡು, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಜಾಲ್ಸೂರುಗಳ ಮಾರ್ಗವಾಗಿ ಮುಳ್ಳೇರಿಯ ದಾಟಿ ಮನೆಗೆ ತಂದವರು. ಆದುದರಿಂದ ಪುಸ್ತಕದ ಮೊದಲ ಪುಟದಲ್ಲಿರುವುದು ಮೈಸೂರು ರಾಜ್ಯದ ‘ಎಂ.ವೈ.’ ಎಂದು ಮೊದಲಾಗುವ ಸಂಖ್ಯೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಕೆಳಗೆ ಕೇರಳದ ‘ಕೆ.ಎಲ್.’ ಸಂಖ್ಯೆಯನ್ನು ಬರೆಯಲಾಗಿದೆ, ಮೊಹರು ಕಣ್ಣಾನೂರಿನದು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದು 1984ರಲ್ಲಿ. ಅದಕ್ಕೆ ಮುಂಚೆ ಇಂತಹ ಸಣ್ಣ ಕೆಲಸಕ್ಕೂ ನಾವು ಕಣ್ಣಾನೂರಿಗೆ ಹೋಗಬೇಕಾಗಿತ್ತು. 1956ರ ನವೆಂಬರ್ 1ರಂದು ಎಳೆದ ಗಡಿರೇಖೆ ನಮ್ಮ ಶಾಲೆ, ಕಚೇರಿಗಳಲ್ಲಿ ಹೇಗೆ ಬಿತ್ತೆಂಬುದನ್ನು ಬಹಳ ಮಂದಿ ಬರೆದಿದ್ದಾರೆ. ಮೋಟಾರ್ ಸೈಕಲಿನ ಪುಸ್ತಕದಲ್ಲಿಯೂ ಅದು ಬಿದ್ದಿತ್ತು.

ಇನ್ನು ಯಂತ್ರದ ವಿಚಾರ. ಇದು 250 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನ್. ಸಿಲಿಂಡರ್ ಒಂದೇ, ಹೊಗೆ ಕೊಳವೆಗಳು ಎರಡು. ಗೇರಿನ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಗೇರು ತುಳಿಯುವಾಗ ಕ್ಲಚ್ಚು ತಾನಾಗಿಯೇ ಬಿಡುವ ವ್ಯವಸ್ಥೆಯೂ ಉಂಟು. ಕೀಲಿಕೈಯಂತೂ ಹೆಡ್‌ಲೈಟಿನ ಮೇಲೆ ಚುಚ್ಚುವ ಒಂದು ಕಡ್ಡಿ, ಹಲ್ಲುಗಳಿಲ್ಲ. ಒಬ್ಬರ ಕೀಲಿಯಿಂದ ಇನ್ನೊಬ್ಬರ ಗಾಡಿ ಹೊರಡುತ್ತಿತ್ತೆಂದರೆ ಆ ಕಾಲದ ನಂಬಿಕೆ ಎಷ್ಟಿದ್ದಿರಬೇಕು! ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಡನೆಯೇ ಹೋಗಬೇಕು: ಇಪ್ಪತ್ತರಿಂದ ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು. ತಂದೆಯವರು ಅಳೆಯುತ್ತಿದ್ದ ತಗಡಿನ ಲೋಟ ಗಾಡಿಯ ಪಕ್ಕದಲ್ಲಿಯೇ ಸಿಕ್ಕಿತು, ತಳದಲ್ಲಿ ಅಂಟು ಇನ್ನೂ ಆರಿರಲಿಲ್ಲ.

ಈ ಎರಡು ಸ್ಟ್ರೋಕಿನ ಗುಣವೇ ಮುಂದೆ ಅದಕ್ಕೆ ಮುಳುವಾಯಿತು. 1985ರ ಸುಮಾರಿಗೆ ಜಪಾನೀ ಸಹಯೋಗದ 100 ಸಿ.ಸಿ. ವಾಹನಗಳು ಬಂದಾಗ ಪೆಟ್ರೋಲಿನ ಲೆಕ್ಕ ನೋಡುವ ಗೃಹಸ್ಥರು ಅತ್ತ ತಿರುಗಿದರು. ಹೊಗೆಯ ನಿಯಮಗಳು ಬಿಗಿಯಾದುವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮಹೀಂದ್ರ ಸಮೂಹಕ್ಕೆ ಸೇರಿದ ಸಂಸ್ಥೆಯೊಂದು ಜಾವಾ ಹೆಸರನ್ನು ಮತ್ತೆ ಬೀದಿಗೆ ತಂದಿತು. ಅವು ನಾಲ್ಕು ಸ್ಟ್ರೋಕಿನವು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮರಳಿತು, ಮೈಸೂರಿಗಲ್ಲ. ಹಳೆಯದನ್ನು ಕಾಪಾಡಿದವರಾದರೋ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಅಂದು ಆ ಪರಿಚಿತ ಸದ್ದು ಮತ್ತೆ ಕೇಳಿಸುತ್ತದೆ.

ಬೆಲೆಯ ಪ್ರಶ್ನೆಗೆ ಮರಳೋಣ. ಬೆಂಗಳೂರಿನ ತರುಣನು ಮೊದಲು ನೋಡಿದ್ದು ಬಣ್ಣವನ್ನಲ್ಲ. ಚೌಕಟ್ಟಿನ ಮೇಲೆ ಒತ್ತಿದ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಪುಸ್ತಕದ ಸಂಖ್ಯೆ ಇವು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು. ಅನಂತರ ಟ್ಯಾಂಕಿನ ಕ್ರೋಮಿಯಂ, ಮೊಣಕಾಲಿನ ರಬ್ಬರು, ಹಳೆಯ ಮೀಟರು. ಇವು ಮೂಲದವೇ ಆಗಿದ್ದರೆ ತುಕ್ಕು ಹಿಡಿದಿದ್ದರೂ ಬೆಲೆಯುಂಟು; ಹೊಳೆಯುವ ಹೊಸ ಬಣ್ಣ ಬಳಿಸಿದರೆ ಬೆಲೆ ಇಳಿಯುವುದೂ ಉಂಟು. ಆದುದರಿಂದ ಪ್ರೀತಿಯಿಂದಲೇ ಆದರೂ ಅವಸರದಿಂದ ಪಾಲಿಶ್ ಮಾಡಿಸಬಾರದು. ಒದ್ದು ಹೊರಡಿಸಲೂಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನೊಳಗೆ ಎಣ್ಣೆ ಆರಿರುತ್ತದೆ, ರಬ್ಬರಿನ ಸೀಲುಗಳು ಒಣಗಿರುತ್ತವೆ. ಹಳೆಯ ಪೆಟ್ರೋಲನ್ನು ಬಸಿದು, ಪ್ಲಗ್ಗು ಕಳಚಿ ಒಂದು ಚಮಚ ಎಣ್ಣೆ ಬಿಟ್ಟು, ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ; ನಮ್ಮ ಮಳೆಗಾಲದಲ್ಲಿ ತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಬಿಡುವುದು ಅಪಾಯ.

ಕಾಗದದ ಕೆಲಸ ಇದಕ್ಕಿಂತ ಕಷ್ಟ. ಒಡೆಯನು ತೀರಿಕೊಂಡರೆ ಉತ್ತರಾಧಿಕಾರಿಯು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ಮರಣಪತ್ರದೊಡನೆ ಉಳಿದ ವಾರಸುದಾರರ ಒಪ್ಪಿಗೆಯನ್ನೂ ಮೊದಲೇ ಬರೆಯಿಸಿಟ್ಟುಕೊಳ್ಳುವುದು ಮೇಲು. ಕೈಬರಹದ ಪುಸ್ತಕವಾದರೆ ಅದರ ವಿವರ ಗಣಕದ ದಾಖಲೆಗೆ ಏರಿರುವುದೇ ಎಂದು ನೋಡಬೇಕು. ಪುಸ್ತಕವೇ ಕಳೆದುಹೋಗಿದ್ದರೆ ಅತ್ಯುತ್ತಮ ವಾಹನವೂ ಬಹುಮಟ್ಟಿಗೆ ಬಿಡಿಭಾಗಗಳ ರಾಶಿ. ಮನೆಗಳಲ್ಲಿ ಹಳೆಯ ಕಾಗದಗಳನ್ನು ಒಲೆಗೆ ಹಾಕುವ ಮುನ್ನ ಇದನ್ನು ನೆನೆಯುವುದು ಲೇಸು.

50 ವರ್ಷ ದಾಟಿ ಮೂಲರೂಪದಲ್ಲಿ ಉಳಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಅಂತಹುದಕ್ಕೆ ‘ವಿ.ಎ.’ ಅಕ್ಷರಗಳುಳ್ಳ ಫಲಕ, ಹತ್ತು ವರ್ಷಗಳ ಅವಧಿ. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ಗೌರವವೇನೋ ದೊಡ್ಡದು. ಆದರೆ ಆ ಮೇಲೆ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲು ಹಾಕಿಸಲು ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಓಡಿಸುವಂತಿಲ್ಲ. ತಂದೆಯವರು ಆ ಗಾಡಿಯಲ್ಲಿ ಹಿಂಡಿ ಮೂಟೆ ಹೇರಿದವರು, ಹೆರಿಗೆ ನೋವಿನವರನ್ನು ರಸ್ತೆಯವರೆಗೆ ತಂದವರು. ನಾನು ಸಾಮಾನ್ಯ ನೋಂದಣಿಯನ್ನೇ ನವೀಕರಿಸಲು ಅರ್ಜಿ ಹಾಕಿದ್ದೇನೆ. ಮುಳ್ಳೇರಿಯ ಪೇಟೆಗೆ ತರಕಾರಿಗೆ ಹೋಗಿ ಬರುವಷ್ಟಾದರೂ ಅದಕ್ಕೆ ಅನುಮತಿ ಇರಬೇಕು.