ಟ್ರ್ಯಾಕಿಗೆ ಹೋಗೋ ಕಾರಿಗೆ ಮೊದಲ ಖರ್ಚು ಯಾವುದು: ಬ್ರೇಕ್ ಪ್ಯಾಡೋ, ಟೈರೋ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೊನ್ನಾಳಿಯಿಂದ ಮಾತಾಡ್ತಿದ್ದೀನಿ. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಮೆಕ್ಕೆಜೋಳದ ಸೀಸನ್ನು, ಮನೆ ಮುಂದೆ ರಾತ್ರಿ ಹನ್ನೊಂದರವರೆಗೂ ಲೋಡ್ ಹೋಗ್ತಾನೇ ಇರುತ್ತೆ.

ಹೋದ ವಾರ ನ್ಯಾಮತಿಯಿಂದ ನಮ್ಮ ಸೋದರಮಾವನ ಮಗ ಫೋನ್ ಮಾಡಿದ್ದ. "ಅಣ್ಣ, ಬರೋ ತಿಂಗಳು ಕೊಯಮತ್ತೂರಿಗೆ ಟ್ರ್ಯಾಕ್ ಡೇಗೆ ಹೋಗ್ತಾ ಇದೀನಿ, ದುಡ್ಡೂ ಕಟ್ಟಿದೀನಿ. ಕೈಯಾಗೆ ಮೂವತ್ತು ಸಾವಿರ ಐತೆ. ಅಗಲದ ಟೈರು, ಅಲಾಯ್ ಹಾಕಿಸ್ಲಾ?" ಅವನ ಕಾರು ಹಳೇ ಸ್ವಿಫ್ಟ್. ಆ ಮನೆಗೆ ಇರೋದು ಅದೊಂದೇ ಕಾರು. ಅತ್ತೆಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಡಾಕ್ಟರ್ ಹತ್ರ ಹೋಗೋದೂ ಅದರಲ್ಲೇ. ಹಾಗಾಗಿ ನಾನು ತಕ್ಷಣ "ಹಾಕಿಸು" ಅಂತ ಹೇಳಲಿಲ್ಲ, "ಒಂದು ವಾರ ತಡಿ" ಅಂದೆ. ಆ ಒಂದು ವಾರದ ಉತ್ತರವೇ ಇವತ್ತಿನ ಸಂಚಿಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲ. ದುಡ್ಡು ಕಟ್ಟಿ, ನಮ್ಮದೇ ಕಾರು, ನಮ್ಮದೇ ಹೆಲ್ಮೆಟ್ ತಗೊಂಡು ಹೋಗಿ, ರೇಸ್ ಟ್ರ್ಯಾಕ್ ಮೇಲೆ ಹದಿನೈದು ಇಪ್ಪತ್ತು ನಿಮಿಷದ ಸರದಿಗಳಲ್ಲಿ ಓಡಿಸೋದು. ಗೆದ್ದವರು ಸೋತವರು ಅಂತ ಇಲ್ಲ. ನಮ್ಮ ಕಡೆಯವರು ಹೋಗೋದು ಸಾಮಾನ್ಯವಾಗಿ ತಮಿಳುನಾಡಿಗೆ. ಒಂದು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನ ಟ್ರ್ಯಾಕ್, ಸುಮಾರು 3.7 ಕಿಲೋಮೀಟರ್. ಇನ್ನೊಂದು, ಕೊಯಮತ್ತೂರು ಪಕ್ಕ ಚೆಟ್ಟಿಪಾಳ್ಯಂನ ಕರಿ ಮೋಟರ್ ಸ್ಪೀಡ್‌ವೇ, 2.1 ಕಿಲೋಮೀಟರ್. 'ಕರಿ' ಅಂದ್ರೆ ಎಸ್. ಕರಿವರ್ಧನ್, ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದವರು. ಅವರು 1995ರಲ್ಲಿ ತೀರಿಕೊಂಡರು, ಅವರ ಹೆಸರಿನ ಟ್ರ್ಯಾಕ್ ಶುರುವಾಗಿದ್ದು 2003ರಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ನಡೆಯೋ ಮಣ್ಣಿನ ಆಟೋಕ್ರಾಸ್ ಲೆಕ್ಕ ಬೇರೆ, ಅದಕ್ಕೆ ಬೇಕಾದ ಟೈರೂ ಬೇರೆ. ಇವತ್ತು ಡಾಂಬರಿನ ಮಾತು ಮಾತ್ರ.

ನನ್ನ ಕಥೆ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಓದಿದವನು. ಕಲಿತದ್ದೆಲ್ಲ ಕೈ ಸುಟ್ಟುಕೊಂಡೇ. ಮೂರು ವರ್ಷದ ಹಿಂದೆ ಮೊದಲ ಸಲ ಟ್ರ್ಯಾಕಿಗೆ ಹೋದಾಗ ಇದ್ದ ದುಡ್ಡೆಲ್ಲ ಹಾಕಿ ನಾಲ್ಕು ಹೊಸ ಟೈರ್ ಹಾಕಿಸಿದ್ದೆ. ಬ್ರೇಕ್ ಕಡೆ ತಿರುಗಿಯೂ ನೋಡಿರಲಿಲ್ಲ, ಊರಲ್ಲಿ ಚೆನ್ನಾಗೇ ಹಿಡೀತಿತ್ತಲ್ಲ! ನಾಲ್ಕನೇ ಸುತ್ತಿಗೆ ಪೆಡಲ್ ಮೆತ್ತಗಾಯ್ತು. ಐದನೇ ಸುತ್ತಲ್ಲಿ ನೇರ ದಾರಿ ಮುಗಿಯೋ ಕಡೆ ಒತ್ತಿದ್ರೆ ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಎರಡು ಮೂರು ಸಲ ಪಟಪಟ ಪಂಪ್ ಮಾಡಿ, ಗೇರ್ ಇಳಿಸಿ, ಟ್ರ್ಯಾಕ್ ಬಿಟ್ಟು ಹುಲ್ಲಿಗೆ ಇಳಿದು, ಟೈರ್ ಗೋಡೆಗೆ ಇನ್ನೊಂದು ಕಾರಿನುದ್ದ ಇದೆ ಅನ್ನೋವಾಗ ನಿಂತೆ. ಪಕ್ಕದ ಸೀಟಲ್ಲಿ ಗೆಳೆಯ ಕೂತಿದ್ದ. ದಾವಣಗೆರೆವರೆಗೂ ಅವನು ಒಂದು ಮಾತಾಡಲಿಲ್ಲ.

ಕಾರಣ ಏನಪ್ಪಾ ಅಂದ್ರೆ, ಕಾರು ತಗೊಂಡ ದಿನದಿಂದ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ತಪ್ಪು ಪೂರ್ತಿ ನನ್ನದೇ. ಅದಕ್ಕಿಂತ ದೊಡ್ಡ ತಮಾಷೆ ಅಂದ್ರೆ, ಹೊಸ ಟೈರೇ ಬ್ರೇಕನ್ನು ಬೇಗ ಕೆಡಿಸಿದ್ದು. ಟೈರಿಗೆ ಹಿಡಿತ ಜಾಸ್ತಿ ಇದ್ದಷ್ಟೂ ನಾವು ಕೊನೇ ಗಳಿಗೆವರೆಗೆ ಬಿಟ್ಟು ಜೋರಾಗಿ ಬ್ರೇಕ್ ಒತ್ತುತ್ತೀವಿ. ಮೂಲೆಯಿಂದ ಬೇಗ ಹೊರಗೆ ಬರ್ತೀವಿ, ಹಾಗಾಗಿ ಮುಂದಿನ ಮೂಲೆಗೆ ಹೋಗೋ ವೇಗವೂ ಜಾಸ್ತಿ. ಎಲ್ಲ ಭಾರ ಬ್ರೇಕಿನ ಮೇಲೆ.

ಎಷ್ಟು ಭಾರ ಅಂತ ಲೆಕ್ಕ ಹಾಕಿ ನೋಡೋಣ. ಚಾಲಕನೂ ಸೇರಿ ಒಂದು ಟನ್ ಕಾರು ಅಂತ ಇಟ್ಕೊಳ್ಳಿ. 60ರಲ್ಲಿ ಹೋಗ್ತಿರೋದನ್ನ ನಿಲ್ಲಿಸಿದ್ರೆ ಸುಮಾರು 139 ಕಿಲೋಜೂಲ್ ಶಾಖ ಆಗುತ್ತೆ. 120ರಲ್ಲಿ ನಿಲ್ಲಿಸಿದ್ರೆ 556. ವೇಗ ಎರಡರಷ್ಟು, ಶಾಖ ನಾಲ್ಕರಷ್ಟು. ಟ್ರ್ಯಾಕಲ್ಲಿ ಪೂರ್ತಿ ನಿಲ್ಲಿಸಲ್ಲ, 120ರಿಂದ 60ಕ್ಕೆ ಇಳಿಸ್ತೀವಿ ಅಂದ್ರೂ 417 ಕಿಲೋಜೂಲ್. ಅಡುಗೆಮನೆ ಲೆಕ್ಕದಲ್ಲಿ ಹೇಳೋದಾದ್ರೆ, ಒಂದೂಕಾಲು ಲೀಟರ್ ತಣ್ಣೀರು ಕುದಿಯೋ ಹಂತಕ್ಕೆ ಬರುವಷ್ಟು ಶಾಖ, ಅದೂ ಮೂರ್ನಾಲ್ಕು ಸೆಕೆಂಡಿನಲ್ಲಿ. ಅದರ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕ್ ಮೇಲೆ ಬೀಳುತ್ತೆ. ಅದು ಆರೋಕೆ ಮುಂಚೆ ಇನ್ನೊಂದು ಮೂಲೆ ಬಂದಿರುತ್ತೆ. ಹೊನ್ನಾಳಿ ಶಿವಮೊಗ್ಗ ರಸ್ತೇಲಿ ಎಷ್ಟೇ ಜೋರಾಗಿ ಹೋದ್ರೂ ಬ್ರೇಕಿಗೆ ಈ ಶಿಕ್ಷೆ ಸಿಗಲ್ಲ.

ಈ ಶಾಖ ಎರಡು ಕಡೆ ಹೊಡೆಯುತ್ತೆ. ಅವೆರಡರ ವ್ಯತ್ಯಾಸ ಕಾಲಿಗೆ ಗೊತ್ತಾಗಬೇಕು. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದ್ರೂ ಕಾರು ಮಾತ್ರ ನಿಲ್ತಿಲ್ಲ ಅಂದ್ರೆ ಪ್ಯಾಡ್ ಸೋತಿದೆ. ಪೆಡಲ್ಲೇ ಮೆತ್ತಗಾಗಿ ಕೆಳಗೆ ಇಳೀತಿದೆ ಅಂದ್ರೆ ಬ್ರೇಕ್ ಆಯಿಲ್ ಕುದಿದು ಪೈಪಲ್ಲಿ ಗುಳ್ಳೆ ಎದ್ದಿದೆ. ಗುಳ್ಳೆ ಅದುಮಿಕೊಳ್ಳುತ್ತೆ, ಆಯಿಲ್ ಅದುಮಿಕೊಳ್ಳಲ್ಲ, ಅಷ್ಟೇ ವಿಷಯ. ಮೊದಲನೆಯದಕ್ಕೆ ಎರಡು ಸುತ್ತು ನಿಧಾನ ಓಡಿಸಿದ್ರೆ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಎರಡನೆಯದು ಬಂದ್ರೆ ಆ ದಿನ ಅಲ್ಲಿಗೆ ಮುಗೀತು, ಆಯಿಲ್ ಬದಲಿಸದೆ ಮತ್ತೆ ಟ್ರ್ಯಾಕಿಗೆ ಇಳೀಬಾರದು.

ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲು ಬರೋದು ಪ್ಯಾಡೂ ಅಲ್ಲ, ಟೈರೂ ಅಲ್ಲ, ಕೆಲವು ನೂರು ರೂಪಾಯಿಯ ಬ್ರೇಕ್ ಆಯಿಲ್. ಬಾಟಲಿ ಮೇಲೆ ಡಾಟ್ 3, ಡಾಟ್ 4, ಡಾಟ್ 5.1 ಅಂತ ಇರುತ್ತೆ. ಹೊಸದಾಗಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದ್ರೆ 230, 5.1 ಆದ್ರೆ 260. ಆದ್ರೆ ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಶೇಕಡ 3.7ರಷ್ಟು ನೀರು ಸೇರಿದ್ರೆ ಡಾಟ್ 4ಕ್ಕೆ ಇರೋ ಖಾತ್ರಿ 155ಕ್ಕೆ ಇಳಿಯುತ್ತೆ, ಡಾಟ್ 3ಕ್ಕೆ 140ಕ್ಕೆ. ಮಲೆನಾಡಿನ ಸೆರಗಲ್ಲಿರೋ ನಮ್ಮ ತಾಲ್ಲೂಕುಗಳಲ್ಲಿ ಎರಡು ಮಳೆಗಾಲ ಕಂಡ ಆಯಿಲ್ ನಂಬೋ ಹಾಗಿಲ್ಲ. ಸೀಲ್ ಒಡೆಯದ ಡಾಟ್ 4 ತಂದು, ನಾಲ್ಕೂ ಚಕ್ರದಲ್ಲಿ ಹಳೇದೆಲ್ಲ ತೆಗೆಸಿ ಬ್ಲೀಡಿಂಗ್ ಮಾಡಿಸಿ. ಡಬ್ಬಿಗೆ ಮೇಲಿಂದ ತುಂಬಿಸಿದ್ರೆ ಬದಲಿಸಿದ ಹಾಗಲ್ಲ. ಇನ್ನೊಂದು, ಬರೀ 'ಡಾಟ್ 5' ಅಂತ ಇರೋದು ಸಿಲಿಕೋನ್ ಜಾತಿ, ಅದನ್ನ ಇವುಗಳ ಜೊತೆ ಬೆರೆಸಲೇಬಾರದು. ಸಂಖ್ಯೆ ದೊಡ್ಡದು ಅಂತ ತರಬೇಡಿ.

ಈಗ ಪ್ಯಾಡ್. ಪ್ಯಾಡಿನ ಅಂಚಲ್ಲೋ ಹಿಂದಿನ ತಗಡಿನ ಮೇಲೋ ಒಂದು ಉದ್ದದ ಕೋಡ್ ಅಚ್ಚಾಗಿರುತ್ತೆ. ಅದರ ಕೊನೆಗೆ ಇಂಗ್ಲಿಷಿನ ಎರಡು ಅಕ್ಷರ ನೋಡಿ: ಇಇ, ಎಫ್ಎಫ್, ಜಿಜಿ, ಹೀಗೆ. ಮೊದಲನೇ ಅಕ್ಷರ ಸಾಧಾರಣ ಬಿಸಿಯಲ್ಲಿ ಹಿಡಿತ ಎಷ್ಟು ಅಂತ ಹೇಳುತ್ತೆ, ಎರಡನೆಯದು ಹೆಚ್ಚು ಕಾದಾಗ ಎಷ್ಟು ಅಂತ. ಇ ಅಂದ್ರೆ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಮೊದಲನೇ ಅಕ್ಷರ ಎಫ್ ಇದ್ದು ಎರಡನೆಯದು ಇ ಆಗಿದ್ರೆ, ಕಾದ ಮೇಲೆ ಸೋಲೋ ಪ್ಯಾಡ್ ಅಂತ ಅದೇ ಒಪ್ಪಿಕೊಂಡ ಹಾಗೆ. ಅಂಗಡಿಯಲ್ಲಿ ಇದನ್ನ ಯಾರೂ ಹೇಳಲ್ಲ, "ಒರಿಜಿನಲ್ ಸಾರ್" ಅಂತಾರೆ ಅಷ್ಟೇ. ಆದ್ರೆ ಈ ಪರೀಕ್ಷೆ ಸುಮಾರು 340 ಡಿಗ್ರಿಗೆ ನಿಲ್ಲುತ್ತೆ. ಟ್ರ್ಯಾಕಲ್ಲಿ ಡಿಸ್ಕ್ ಅದನ್ನೂ ದಾಟುತ್ತೆ. ಹಾಗಾಗಿ ಜಿಜಿ ಇದ್ದ ಮಾತ್ರಕ್ಕೆ ರೇಸ್ ಪ್ಯಾಡ್ ಆಗಲ್ಲ.

ಇಲ್ಲಿ ಚನ್ನಗಿರಿಯ ಕೇಳುಗರೊಬ್ಬರ ಪ್ರಶ್ನೆ ಬರುತ್ತೆ. ಅಡಿಕೆ ತೋಟ ಇರೋರು, ದುಡ್ಡಿನ ತೊಂದರೆ ಇಲ್ಲ. "ಪೂರ್ತಿ ರೇಸ್ ಪ್ಯಾಡೇ ಹಾಕಿಸಿ ಊರಲ್ಲೂ ಅದ್ರಲ್ಲೇ ಓಡಿಸಿದ್ರೆ ಆಗಲ್ವೇನ್ರಿ?" ಆಗಲ್ಲ ಸಾರ್. ನಿಜವಾದ ರೇಸ್ ಪ್ಯಾಡ್ ಕಾದ ಮೇಲೆ ಹಿಡಿಯೋದು, ತಣ್ಣಗಿದ್ದಾಗ ಅದು ಮರದ ತುಂಡು. ಬೆಳಗ್ಗೆ ಆರಕ್ಕೆ ಮಂಜಲ್ಲಿ ತೋಟದಿಂದ ಹೊರಟು ಸೂಳೆಕೆರೆ ಕಡೆ ತಿರುಗ್ತೀರಿ, ದನ ಅಡ್ಡ ಬರುತ್ತೆ. ಆ ಮೊದಲ ಬ್ರೇಕಿಗೆ ಪ್ಯಾಡ್ ಇನ್ನೂ ಎದ್ದೇ ಇರಲ್ಲ. ಮೇಲಿಂದ ಕಿರುಚಾಟ, ಡಿಸ್ಕ್ ಸವೆತ ಬೇರೆ. ಊರು ಟ್ರ್ಯಾಕ್ ಎರಡಕ್ಕೂ ಆಗೋ ನಡುವಿನ ಜಾತಿ ಇದೆ. ಫೆರೋಡೋ, ಇಬಿಸಿ ಅಂಥ ಕಂಪನಿಗಳು ಮಾಡ್ತವೆ. ನಿಮ್ಮ ಕಾರಿಗೆ ಸಿಕ್ಕರೆ ಅದನ್ನ ತಗೊಳ್ಳಿ. ಸಿಗದಿದ್ರೆ ಹೆಸರಿರೋ ಕಂಪನಿಯ ಹೊಸ ರೋಡ್ ಪ್ಯಾಡ್ ಸಾಕು, ಜೊತೆಗೆ ನಿಮ್ಮ ಆಸೆಗೆ ಸ್ವಲ್ಪ ಕಡಿವಾಣ: ಎರಡು ಸುತ್ತು ಜೋರು, ಒಂದು ಸುತ್ತು ನಿಧಾನ. ಅರ್ಧಕ್ಕಿಂತ ಸವೆದ ಪ್ಯಾಡ್ ತಗೊಂಡು ಟ್ರ್ಯಾಕಿಗೆ ಹೋಗಬೇಡಿ. ತೆಳ್ಳಗಾದಷ್ಟೂ ಶಾಖ ಸೀದಾ ಆಯಿಲಿಗೆ ಹೋಗುತ್ತೆ.

ಹೊಸ ಪ್ಯಾಡನ್ನ ಡಿಸ್ಕಿಗೆ ಕೂರಿಸಬೇಕು. 80ರಿಂದ 20ರವರೆಗೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಗಟ್ಟಿಯಾಗಿ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸೋದು. ಇದನ್ನ ನಮ್ಮ ರಸ್ತೆಗಳಲ್ಲಿ ಮಾಡಬೇಡಿ, ಅರ್ಧ ರಸ್ತೆ ಜೋಳ ಒಣಹಾಕಿರ್ತಾರೆ. ಟ್ರ್ಯಾಕಿನ ಮೊದಲ ಸರದಿಯನ್ನೇ ಇದಕ್ಕೆ ಇಡಿ. ಸರದಿ ಮುಗಿದ ಮೇಲೆ ಒಂದು ಸುತ್ತು ಆರಾಮಾಗಿ ಬಂದು, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಲ್ಲಿ ನಿಲ್ಲಿಸಿ.

ಟೈರಿಗೆ ಬರೋಣ. ಜಗಳೂರಿನ ಗೆಳೆಯರೊಬ್ಬರು ಸೆಮಿ ಸ್ಲಿಕ್ ಬಗ್ಗೆ ಕೇಳಿದ್ರು, ಅಂದ್ರೆ ಕಚ್ಚು ಕಮ್ಮಿ ಇರೋ, ಮೆತ್ತನೆ ರಬ್ಬರಿನ ಟೈರು. "ನಮ್ಮ ಕಡೆ ಮಳೆಯೇ ಇಲ್ಲ, ಹಾಕಿಸಿದ್ರೆ ಏನು?" ಅಂತ. ಜಗಳೂರಲ್ಲಿ ಮಳೆ ಕಮ್ಮಿ, ಒಪ್ಪಿದೆ. ಆದ್ರೆ ಟ್ರ್ಯಾಕ್ ಜಗಳೂರಲ್ಲಿಲ್ಲ. ನಮ್ಮಿಂದ ಕೊಯಮತ್ತೂರಿಗೆ ಆರುನೂರು ಕಿಲೋಮೀಟರ್ ಮೇಲೆ, ಹೋಗಿ ಬಂದ್ರೆ ಸಾವಿರದ ಮುನ್ನೂರು ಅಂತ ಇಟ್ಕೊಳ್ಳಿ. ಟ್ರ್ಯಾಕ್ ಮೇಲೆ ಓಡೋದು ನಾಲ್ಕು ಸರದಿಗೆ ಹೆಚ್ಚಂದ್ರೆ ಎಪ್ಪತ್ತು ಕಿಲೋಮೀಟರ್. ಅಂದ್ರೆ ಶೇಕಡ ಐದು! ಐದಕ್ಕೋಸ್ಕರ ತಗೊಂಡ ಟೈರಲ್ಲಿ ತೊಂಬತ್ತೈದು ಓಡಿಸ್ತೀರಿ, ನಡುವೆ ಎಲ್ಲೋ ಒಂದು ಕಡೆ ಮಳೆ ಸಿಕ್ಕೇ ಸಿಗುತ್ತೆ. ಟೈರನ್ನ ಬೇರೆ ಗಾಡಿಯಲ್ಲಿ ಒಯ್ದು ಅಲ್ಲೇ ಬದಲಿಸೋರಿಗೆ ನನ್ನ ತಕರಾರಿಲ್ಲ.

ಒಂದೇ ಸೆಟ್ ಇರೋರು ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆ ರೋಡ್ ಟೈರ್ ಹಾಕಿ. ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಸಂಖ್ಯೆ ಇದ್ರೆ ನೋಡಿ. 200 ಇದ್ರೆ ಮೆತ್ತಗೆ, ಹಿಡಿತ ಜಾಸ್ತಿ, ಬೇಗ ಸವೆಯುತ್ತೆ. 400 ದಾಟಿದ್ದು ಬಾಳಿಕೆಯದ್ದು. ಅಳತೆಯ ಪಕ್ಕದ ಅಕ್ಷರ ವೇಗದ ಮಿತಿ: ಟಿ ಅಂದ್ರೆ 190, ಎಚ್ ಅಂದ್ರೆ 210. ಇದೆಲ್ಲಕ್ಕಿಂತ ಮುಖ್ಯ ನಾಲ್ಕಂಕಿಯ ತಯಾರಿ ದಿನಾಂಕ. 2323 ಅಂದ್ರೆ 2023ರ 23ನೇ ವಾರ. ಕಚ್ಚು ಎಷ್ಟೇ ಇರಲಿ, ರಬ್ಬರಿಗೆ ವಯಸ್ಸಾಗುತ್ತೆ.

ಗಾಳಿ ಲೆಕ್ಕವೂ ಮರೀಬೇಡಿ. ಬೆಳಗ್ಗೆ ತಣ್ಣಗಿದ್ದಾಗ 32 ಇದ್ದದ್ದು ನಾಲ್ಕೈದು ಸುತ್ತಿಗೆ 38ರ ಹತ್ರ ಹೋಗಬಹುದು. ಸ್ವಂತದ ಗೇಜ್ ಇಟ್ಕೊಳ್ಳಿ, ಸರದಿ ಮುಗಿದ ತಕ್ಷಣ ನೋಡಿ ಸ್ವಲ್ಪ ಸ್ವಲ್ಪ ತೆಗೀರಿ. ಟೈರಿನ ಹೊರ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ್ರೆ, ಗೆರೆ ಎಲ್ಲಿವರೆಗೆ ಅಳಿಸಿದೆ ಅಂತ ನೋಡಿ ಟೈರ್ ಎಷ್ಟು ಮಗ್ಗುಲಿಗೆ ಹೊರಳ್ತಿದೆ ಅಂತ ತಿಳಿಯುತ್ತೆ. ಪಕ್ಕದ ಗೋಡೆ ಮೇಲೂ ಅಳಿಸಿದ್ರೆ ಗಾಳಿ ಕಮ್ಮಿ ಆಗಿದೆ. ಸಂಜೆ ಊರಿಗೆ ಹೊರಡೋ ಮುಂಚೆ, ಟೈರ್ ಪೂರ್ತಿ ಆರಿದ ಮೇಲೆ, ಮತ್ತೆ ಸರಿಯಾಗಿ ಗಾಳಿ ತುಂಬಿಸಿ. ಇದನ್ನ ಮರೆತು ನಾಲ್ಕು ಜನ ತುಂಬ್ಕೊಂಡು ಹೆದ್ದಾರಿಗೆ ಇಳಿಯೋರನ್ನ ನೋಡಿದೀನಿ.

ಕಾಮರ್ಸ್‌ನವನಾಗಿ ಇನ್ನೊಂದು ಮಾತು. ನಿಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಅನ್ನೋ ಭಾಗ ಓದಿ. ಆಯೋಜಿತ ರೇಸಿಂಗ್, ವೇಗ ಪರೀಕ್ಷೆ ಅದರಿಂದ ಹೊರಗಿರುತ್ತೆ. ಟ್ರ್ಯಾಕಲ್ಲಿ ಗೋಡೆಗೆ ಗುದ್ದಿದ್ರೆ ಖರ್ಚು ನಿಮ್ಮದೇ ಅಂತ ಲೆಕ್ಕ ಇಟ್ಕೊಂಡೇ ಹೋಗಿ. ಹಾಗಂತ ಊರ ರಸ್ತೇಲಿ ಪಂದ್ಯ ಕಟ್ಟಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ.

ಈಗ ನ್ಯಾಮತಿ ಹುಡುಗನ ಮೂವತ್ತು ಸಾವಿರ. ನಾನು ಆಯಿಲ್, ಪ್ಯಾಡ್ ಮಾಡಿಸು, ಉಳಿದದ್ದು ಪೆಟ್ರೋಲಿಗೆ ಇಟ್ಕೋ, ಟೈರ್ ಮುಟ್ಟಬೇಡ ಅಂತ ಹೇಳೋಕೆ ತಯಾರಾಗಿದ್ದೆ. ಯಾವುದಕ್ಕೂ ಟೈರಿನ ಫೋಟೋ ಕಳಿಸು ಅಂದೆ. ಕಚ್ಚು ಚೆನ್ನಾಗೇ ಇದೆ, ನೋಡೋಕೆ ಹೊಸದರ ಹಾಗೆ. ದಿನಾಂಕ ಮಾತ್ರ 3517. ಅಂದ್ರೆ 2017ರ ಆಗಸ್ಟ್ ಕೊನೆ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಅತ್ತೆಯನ್ನ ಇಷ್ಟು ದಿನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದ್ದದ್ದೂ ಇದರ ಮೇಲೇ.

ನನ್ನ ಲೆಕ್ಕವೆಲ್ಲ ತಲೆಕೆಳಗಾಯ್ತು. ಅಲಾಯ್ ಬೇಡ, ಅಗಲ ಬೇಡ, ಅದೇ ಅಳತೆಯ ನಾಲ್ಕು ರೋಡ್ ಟೈರ್, ಮುಂದಿನ ಎರಡು ಚಕ್ರಕ್ಕೆ ಪ್ಯಾಡ್, ಹಿಂದಿನ ಡ್ರಮ್ ಬಿಚ್ಚಿ ಶೂ ನೋಡಿಸೋದು, ಡಾಟ್ 4. ಮಜೂರಿ ಸೇರಿ ದುಡ್ಡು ಬಹುತೇಕ ಮುಗೀತು. ಪೆಟ್ರೋಲಿಗೆ ನಾನು ಕೊಟ್ಟಿದೀನಿ, ಅಡಿಕೆ ಮಾರಿದ ಮೇಲೆ ವಾಪಸ್ ಕೊಡ್ತಾನಂತೆ. "ಅಲಾಯ್ ಮುಂದಿನ ವರ್ಷ ಹಾಕಿಸ್ತೀನಿ ಬಿಡಣ್ಣ" ಅಂದ, ದನಿ ಸ್ವಲ್ಪ ಸಪ್ಪಗಿತ್ತು. ನಿನ್ನೆ ರಾತ್ರಿ ಗ್ಯಾರೇಜಿಂದ ಇನ್ನೊಂದು ಫೋಟೋ ಕಳಿಸಿದ. ನೀರಿನ ಬಾಟಲಿಯಲ್ಲಿ ಹಳೇ ಬ್ರೇಕ್ ಆಯಿಲ್, ಕಾಫಿ ಡಿಕಾಕ್ಷನ್ ಬಣ್ಣ. ಅದರ ಕೆಳಗೆ ಒಂದೇ ಸಾಲು: "ಅಣ್ಣ, ಇದ್ರಾಗೇ ಹೋಗ್ತಿದ್ನಲ್ಲೋ."

ಅವನು ಹೋಗಿ ಬಂದ ಮೇಲೆ ಪ್ಯಾಡ್ ಎಷ್ಟು ಸವೆದಿದೆ ಅಂತ ಅಳೆದು ಇನ್ನೊಂದು ಸಂಚಿಕೆಯಲ್ಲಿ ಹೇಳ್ತೀನಿ.