ಚಿಹ್ನೆಗಳ ಒಂದು ಸಾಲು ಕಂಪ್ಯೂಟರಿನ ಕಡತಗಳನ್ನೆಲ್ಲ ಅಳಿಸಬಲ್ಲದೇ?

ಡಾಲರ್ ಗುರುತು, ಪ್ರಶ್ನಾರ್ಥಕ ಚಿಹ್ನೆ, ಆವರಣ, ಅರ್ಧವಿರಾಮ. ಮಗುವೊಂದು ಕೀಬೋರ್ಡ್ ಬಡಿದಂತೆ ಕಾಣುವ, ಪರ್ಲ್ ಭಾಷೆಯ ಒಂದು ಸಾಲು ಅಂತರ್ಜಾಲದಲ್ಲಿ ಎಷ್ಟೋ ವರ್ಷಗಳಿಂದ ಓಡಾಡುತ್ತಿದೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿದರೆ ಕಡತಗಳೆಲ್ಲ ಮಾಯವಾಗುತ್ತವಂತೆ. ನಿಜವೇ?

ಬಹುಪಾಲು ನಿಜ. ಆದರೆ ಸಂದೇಶ ಬಂದ ಮಾತ್ರಕ್ಕೆ, ಓದಿದ ಅಥವಾ ಫಾರ್ವರ್ಡ್ ಮಾಡಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಅದನ್ನು ಕಾಪಿ ಮಾಡಿ, ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿ, ಎಂಟರ್ ಒತ್ತಬೇಕು. ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ ಪರ್ಲ್ ಇರುವುದೇ ಇಲ್ಲ. ಬಹುತೇಕ ಲಿನಕ್ಸ್ ಕಂಪ್ಯೂಟರುಗಳಲ್ಲಿ ಮತ್ತು ಮ್ಯಾಕ್‌ನಲ್ಲಿ ಇರುತ್ತದೆ.

ಲ್ಯಾರಿ ವಾಲ್ 1987ರಲ್ಲಿ ಹೊರತಂದ ಭಾಷೆ ಇದು. ಅವರು ಭಾಷಾಶಾಸ್ತ್ರ ಓದಿದವರು. ಪರ್ಲ್ ಕೂಡ ಆಡುಮಾತಿನ ಹಾಗೆ ಅರ್ಧ ಹೇಳಿ ಅರ್ಧ ಬಿಡುತ್ತದೆ. ನಾವು "ಊಟ ಆಯ್ತಾ?" ಎಂದಾಗ ಯಾರ ಊಟ ಎಂದು ಹೇಳುತ್ತೇವೆಯೇ? ಪರ್ಲ್‌ನಲ್ಲೂ ಹೆಸರು ಹೇಳದಿದ್ದರೆ ಹಲವು ಆದೇಶಗಳು $_ ಎಂಬ ಜಾಗದಲ್ಲಿ ಇರುವುದನ್ನೇ ಎತ್ತಿಕೊಳ್ಳುತ್ತವೆ. ಪಠ್ಯವನ್ನು ಬದಲಿಸುವ ಆದೇಶದ ಕೊನೆಗೆ 'ಇ' ಅಕ್ಷರವನ್ನು ಎರಡು ಸಲ ಹಾಕಿದರೆ, ಹೊಸದಾಗಿ ಹುಟ್ಟಿದ ಪಠ್ಯವನ್ನೇ ಪ್ರೋಗ್ರಾಂ ಎಂದು ಓಡಿಸಿಬಿಡುತ್ತದೆ. ಆ ಸಾಲಿನ ಗುಟ್ಟು ಇದೇ. ಚಿಹ್ನೆಗಳು ಒಳಗೊಳಗೇ ಅಕ್ಷರಗಳಾಗಿ, ಅಕ್ಷರಗಳು ಅಳಿಸುವ ಆದೇಶವಾಗಿ, ಆಮೇಲೆ ಆ ಆದೇಶ ಓಡುತ್ತದೆ. ಓದುವವರಿಗೆ 'ಅಳಿಸು' ಎಂಬ ಪದ ಎಲ್ಲೂ ಕಾಣುವುದಿಲ್ಲ.

ಇಂದಿನ ಲಿನಕ್ಸ್‌ಗಳಲ್ಲಿ ಅಳಿಸುವ ಆದೇಶವು ಬುಡದ ಫೋಲ್ಡರನ್ನು ತಾನಾಗಿ ಮುಟ್ಟಲು ಒಪ್ಪುವುದಿಲ್ಲ. ಹಾಗೆಂದು ಧೈರ್ಯ ಬೇಡ. ನಿಮ್ಮ ಫೋಟೊಗಳಿರುವ ಹೋಮ್ ಫೋಲ್ಡರಿಗೆ ಆ ರಕ್ಷಣೆ ಇಲ್ಲ. ಸಾಲನ್ನು ಸ್ವಲ್ಪ ತಿದ್ದಿದರೆ ಸಾಕು.

ಓಡಿಸದೆ ಪರೀಕ್ಷಿಸಬಹುದಲ್ಲ ಎನ್ನುವವರೂ ಇದ್ದಾರೆ. ಪರ್ಲ್ ಜೊತೆಗೇ ಬರುವ 'ಡಿಪಾರ್ಸ್' ಗೋಜಲು ಕೋಡನ್ನು ಬಿಡಿಸಿ ಬರೆದು ತೋರಿಸುತ್ತದೆ, ಒಳ್ಳೆಯ ಸಲಕರಣೆಯೇ. ಆದರೆ ಓಡುವಾಗಲಷ್ಟೇ ರೂಪುಗೊಳ್ಳುವ ಆದೇಶ ಅದರ ಕಣ್ಣಿಗೆ ಬೀಳದು. ವ್ಯಾಕರಣ ಮಾತ್ರ ನೋಡುವ 'ಸಿ' ಆಯ್ಕೆ ಇನ್ನೂ ಮೋಸ: 'ಬಿಗಿನ್' ಎಂಬ ಭಾಗದಲ್ಲಿ ಬರೆದದ್ದು ಪರೀಕ್ಷೆಯ ಹೊತ್ತಿಗೇ ಓಡಿಬಿಡುತ್ತದೆ. ಇದನ್ನು ಪರ್ಲ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ.

ಗೊತ್ತಿಲ್ಲದೆ ಎಂಟರ್ ಒತ್ತಿಬಿಟ್ಟಿದ್ದರೆ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ತಕ್ಷಣ ಒಟ್ಟಿಗೆ ಒತ್ತಿ. ಅಷ್ಟರಲ್ಲಿ ಅಳಿಸಿಹೋದದ್ದು ಕಸದ ಬುಟ್ಟಿಯಲ್ಲಿ ಸಿಗುವುದಿಲ್ಲ. ಬ್ಯಾಕಪ್ ಇಲ್ಲದಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ಬರೆಯದೆ, ಬಲ್ಲವರ ಕೈಗೆ ಕೊಡಿ.