ನದಿಗೆ ಮರುಜೀವ ಕೊಟ್ಟ ಊರಿನಲ್ಲಿ ನಗರ ಯೋಜನೆಯ ಪಾಠ

ಜರ್ಮನಿಯ ರೂರ್ ಪ್ರದೇಶದ ಎಮ್‌ಷರ್ ನದಿ ನೂರು ವರ್ಷಕ್ಕೂ ಹೆಚ್ಚು ಕಾಲ ತೆರೆದ ಚರಂಡಿಯಾಗಿತ್ತು. ಗಣಿಗಳ, ಕಾರ್ಖಾನೆಗಳ, ಮನೆಗಳ ಕೊಳಚೆಯೆಲ್ಲ ಅದರ ಪಾಲು. ಕಲ್ಲಿದ್ದಲು ತೆಗೆದ ನೆಲ ಕುಸಿಯುತ್ತಿದ್ದುದರಿಂದ ಒಳಚರಂಡಿ ಕೊಳವೆ ಹೂಳುವಂತಿರಲಿಲ್ಲ. ಗಣಿಗಾರಿಕೆ ಅಲ್ಲಿಂದ ಸರಿದ ಮೇಲೆ, 1992ರಲ್ಲಿ ನದಿಯನ್ನು ಸರಿಪಡಿಸುವ ಕೆಲಸ ಆರಂಭವಾಯಿತು. ಕೊಳಚೆ ಪೂರ್ತಿ ನಿಂತದ್ದು 2021ರ ಕೊನೆಗೆ. ಖರ್ಚು ಸುಮಾರು 550 ಕೋಟಿ ಯೂರೊ. ವೃಷಭಾವತಿಯನ್ನು ಮೂಗು ಮುಚ್ಚಿಕೊಂಡು ದಾಟುವ ಬೆಂಗಳೂರಿಗರಿಗೆ ಈ ಕತೆಯ ಮೊದಲರ್ಧ ಹೊಸದೇನಲ್ಲ.

ಈ ನದಿ ಹರಿಯುವ ಡಾರ್ಟ್‌ಮುಂಡ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯೂರೋಪಿನ ದೊಡ್ಡ ಯೋಜನಾ ವಿಭಾಗಗಳಲ್ಲೊಂದಿದೆ. ಪಾಠಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. 2001ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ ಇಂದು 24 ಹೆಕ್ಟೇರಿನ ಫೀನಿಕ್ಸ್ ಕೆರೆ ಇದೆ.

ಏನು ಕಲಿಯುತ್ತಾರೆ?

ನಗರ ಯೋಜನೆ ಎಂದರೆ ನಕ್ಷೆ ಬರೆಯುವುದಷ್ಟೇ ಎಂಬ ಭಾವನೆ ಹಲವರಲ್ಲಿದೆ. ಭೂಬಳಕೆ, ನೀರು, ಸಾರಿಗೆ, ಕಾನೂನು, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಲ್ಲವೂ ಇಲ್ಲಿ ಬೇಕು. ರಾಜಕಾಲುವೆಯ ಜಾಗದಲ್ಲಿ ಬಡಾವಣೆಗೆ ಒಪ್ಪಿಗೆ ಕೊಟ್ಟರೆ ಮುಂದೊಂದು ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗುತ್ತದೆ. ಅದನ್ನು ಮೊದಲೇ ಕಾಣುವುದೇ ಈ ವಿದ್ಯೆ.

ಡಾರ್ಟ್‌ಮುಂಡ್‌ನ ಪದವಿ ತರಗತಿಗಳು ಜರ್ಮನ್ ಭಾಷೆಯಲ್ಲಿ ನಡೆಯುತ್ತವೆ. ಆದರೆ 1984ರಲ್ಲಿ ಆರಂಭವಾದ 'ಸ್ಪ್ರಿಂಗ್' ಎಂಬ ಸ್ನಾತಕೋತ್ತರ ಕೋರ್ಸು ಇಂಗ್ಲಿಷಿನಲ್ಲಿದೆ. ಮೊದಲ ವರ್ಷ ಡಾರ್ಟ್‌ಮುಂಡ್‌ನಲ್ಲಿ. ಎರಡನೆಯ ವರ್ಷ ಘಾನಾ, ತಾಂಜಾನಿಯಾ, ಫಿಲಿಪೀನ್ಸ್ ಮೊದಲಾದ ದೇಶಗಳ ಸಹಭಾಗಿ ವಿಶ್ವವಿದ್ಯಾಲಯದಲ್ಲಿ. ಜರ್ಮನಿಯ ಕಾನೂನು ನಮ್ಮ ಊರುಗಳಿಗೆ ಹೊಂದುವುದಿಲ್ಲ. ಕೊಳೆಗೇರಿ, ನೀರಿನ ಕೊರತೆ ಇರುವ ನಗರಗಳನ್ನು ಅಲ್ಲಿಯೇ ಇದ್ದು ನೋಡಬೇಕು ಎಂಬುದು ಈ ಏರ್ಪಾಟಿನ ಹಿಂದಿನ ತರ್ಕ. ಈ ಕೋರ್ಸಿಗೆ ಎರಡು ವರ್ಷದ ವೃತ್ತಿ ಅನುಭವ ಬೇಕು. ಡಿಗ್ರಿ ಮುಗಿಸಿದ ಕೂಡಲೇ ವಿಮಾನ ಹತ್ತುವವರಿಗೆ ಇದು ತಕ್ಕದ್ದಲ್ಲ.

ಹಣದ ಲೆಕ್ಕ

ಈ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2011ರಿಂದ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಸುಮಾರು 300 ಯೂರೊ ವಂತಿಗೆ ಕಟ್ಟಬೇಕು. ಆದರೆ ಶುಲ್ಕವಿಲ್ಲ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. 2024ರ ಸೆಪ್ಟೆಂಬರಿನ ನಿಯಮದಂತೆ ವೀಸಾಕ್ಕೆ ಮೊದಲು ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೊ ವಿಶೇಷ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ತೆಗೆಯಬಹುದು. ಅಂಕಪಟ್ಟಿಗಳ ಪರಿಶೀಲನೆಗೆ ಎಪಿಎಸ್ ಪ್ರಮಾಣಪತ್ರವೂ ಬೇಕು. ಅನುಭವಿಗಳಿಗೆ ಡಿಎಎಡಿ ವಿದ್ಯಾರ್ಥಿವೇತನವಿದೆ, ಸ್ಪರ್ಧೆ ಕಠಿಣ.

ಪೋಷಕರು ಗಮನಿಸಬೇಕಾದ್ದು

ಮರಳಿ ಬಂದು ಸರ್ಕಾರಿ ನಗರ ಯೋಜಕರಾಗುವ ಆಸೆಯಿದ್ದರೆ, ಆ ಪದವಿಗೆ ಇಲ್ಲಿ ಮಾನ್ಯತೆ ದೊರೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಬೇಕು. ಮನೆ ಅಡವಿಟ್ಟು ಹೋಗುವ ಅಗತ್ಯವಂತೂ ಇಲ್ಲ: ದೆಹಲಿ, ಭೋಪಾಲ್, ವಿಜಯವಾಡಗಳ ಯೋಜನಾ ಶಾಲೆಗಳು ದೇಶದಲ್ಲೇ ಇವೆ. ಅಲ್ಲಿ ಓದಿ, ಯಾವುದಾದರೂ ಪಟ್ಟಣದಲ್ಲಿ ಎರಡು ವರ್ಷ ದುಡಿದು, ಆಮೇಲೆ ಹೊರದೇಶಕ್ಕೆ ಹೋದವರಿಗೆ ತಮಗೆ ಏನು ಕಲಿಯಬೇಕಿದೆ ಎಂಬುದು ತಿಳಿದಿರುತ್ತದೆ.